ನಮ್ಮ ಅತ್ತೆ ಎರಡನೇ ಸಲ ಕೇಳುವುದಿಲ್ಲ

ನಮ್ಮ ಸೋದರತ್ತೆಯನ್ನು ಒಲಿಸಿಕೊಳ್ಳಲು ಈಗ ಎಲ್ಲೆಲ್ಲಿಯದೋ ಊರಿನ ಹುಡುಗರು ಒದ್ದಾಡುತ್ತಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಾನೂ ಮೊದಲು ನಂಬಿರಲಿಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿನೋವಿದೆ, ರಾಯಚೂರಿನ ಬಿಸಿಲಿಗಿಂತ ಒಂದು ಕೈ ಹೆಚ್ಚೇ ಎನ್ನುವಂಥ ಬಾಯಿದೆ. ಅಂಥವಳ ಮನಸ್ಸು ಗೆಲ್ಲಲು ಹೋಗಿ ಸೋತು, ಮತ್ತೆ ಮೊದಲಿನಿಂದ ಶುರು ಮಾಡಿ, ಮತ್ತೂ ಸೋತು, "ಈ ಹೆಂಗಸಿಗೆ ಏನು ಹೇಳಿದರೆ ಸರಿಹೋಗುತ್ತದೆ, ದಯವಿಟ್ಟು ತಿಳಿಸಿ" ಎಂದು ನನ್ನ ತಂಗಿಗೆ ಮೆಸೇಜು ಹಾಕುತ್ತಾರೆ! ಪಾಪ, ಇಷ್ಟು ವರ್ಷವಾದರೂ ನಮ್ಮ ಮನೆಯವರಿಗೇ ತಿಳಿಯದ್ದು ಆ ಹುಡುಗರಿಗೆ ಹೇಗೆ ತಿಳಿಯಬೇಕು?

ಇದು ಹೇಗಾಯಿತು ಎಂದು ಹೇಳುವ ಮೊದಲು ಅತ್ತೆಯ ಒಂದು ಗುಣ ಹೇಳಲೇಬೇಕು.

ನಮ್ಮ ಕಡೆ ಒಬ್ಬರ ಮನೆಗೆ ಹೋದಾಗ "ಊಟಕ್ಕ ಏಳ್ರಿ" ಅಂದ ಕೂಡಲೇ ಏಳುವಂತಿಲ್ಲ. "ಬ್ಯಾಡ್ರಿ, ಈಗ ಆಗ್ಯದ" ಅನ್ನಬೇಕು. ಅವರು "ಹಂಗಂದ್ರ ಹೆಂಗ್ರಿ, ಒಂದರೆ ರೊಟ್ಟಿ ತಿನ್ರಿ" ಅನ್ನಬೇಕು. ನಾವು ಹೊಟ್ಟೆ ಮುಟ್ಟಿ ತೋರಿಸಬೇಕು, ಅವರು ಕೈ ಹಿಡಿದು ಎಳೆಯಬೇಕು. ಆಮೇಲೆ ಅವರ ಮಾತಿಗೆ ಕಟ್ಟುಬಿದ್ದವರಂತೆ ಕೂತು ನಾಲ್ಕು ರೊಟ್ಟಿ ಬಾರಿಸಬೇಕು. ಇದು ಮರ್ಯಾದೆ! ಕರೆದ ಕೂಡಲೇ ಕೂತರೆ ಉಪವಾಸ ಬಿದ್ದವರ ಮನೆಯವರು ಅಂದುಕೊಳ್ಳುತ್ತಾರೆ.

ಅತ್ತೆ ಮಾತ್ರ ಈ ಎಳೆದಾಟಕ್ಕೆ ಬರುವವಳೇ ಅಲ್ಲ. ಒಮ್ಮೆ ಕೇಳುತ್ತಾಳೆ. ಬೇಡ ಅಂದಿರೋ, ತಟ್ಟೆ ಬಂದ ದಾರಿಯಲ್ಲೇ ಒಳಗೆ ಹೋಯಿತು.

ಒಂದು ಬೇಸಿಗೆಯಲ್ಲಿ ಗುಂಜಹಳ್ಳಿಯಿಂದ ದೂರದ ಬೀಗರು ಲಗ್ನಪತ್ರಿಕೆ ಕೊಡಲು ಬಂದಿದ್ದರು. ಅತ್ತೆಯ ಮನೆಯಲ್ಲಿ ಅಂದು ಹೋಳಿಗೆ. ತುಪ್ಪದ ವಾಸನೆ ರಸ್ತೆಯ ತನಕ ಬರುತ್ತಿದೆ. ಅತ್ತೆ "ಊಟ ಮಾಡ್ತೀರೇನ್ರಿ?" ಅಂದಳು. ಅವರು ವಾಡಿಕೆಯಂತೆ "ಅಯ್ಯ, ಬ್ಯಾಡ್ರಿ ಯಕ್ಕಾ, ಹೊಟ್ಟಿ ಗಟ್ಟಿ ಅದ" ಅಂದರು. ಅತ್ತೆ "ಆತು" ಅಂದವಳೇ ತನಗೊಂದು ತಟ್ಟೆ ಹಾಕಿಕೊಂಡು ಬಂದು ಅವರೆದುರೇ ಕೂತು ಹೋಳಿಗೆ ತಿನ್ನತೊಡಗಿದಳು! ಸ್ವಲ್ಪ ಹೊತ್ತಿನ ಮೇಲೆ ನಾನು ಬಸ್‌ಸ್ಟ್ಯಾಂಡಿನ ಕಡೆ ಹೋದರೆ ಆ ಹೊಟ್ಟೆ ಗಟ್ಟಿ ಇದ್ದವರು ಬಂಡಿಯ ಮುಂದೆ ನಿಂತು ಮಿರ್ಚಿ ಬಜ್ಜಿ ತಿನ್ನುತ್ತಿದ್ದಾರೆ. "ನಿಮ್ಮತ್ತಿ ಭಾಳ ಸೊಕ್ಕಿನಾಕಿ ಬಿಡಪ್ಪ" ಎಂದು ಅವರಲ್ಲಿ ಹಿರಿಯರೊಬ್ಬರು ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಹೇಳಿದರು. ಅದನ್ನು ನಾನು ಹೋಗಿ ಮುಟ್ಟಿಸಿದೆ, ಸುಮ್ಮನಿರಲು ಬರಬೇಕಲ್ಲ ನನಗೆ! ಅತ್ತೆ ತಲೆ ಕೂಡ ಎತ್ತಲಿಲ್ಲ.

"ಗಟ್ಟಿ ಅದ ಅಂತ ಅವರ ಅಂದ್ರು. ನಾ ಏನ್ ಅವರ ಹೊಟ್ಟಿಯೊಳಗ ಹೊಕ್ಕು ನೋಡ್ಲೇನು?"

ಅತ್ತೆ ಮಾನ್ವಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಅಲ್ಲಿಯೂ ಇದೇ ಕಾನೂನು. ಸುತ್ತಲ ಹಳ್ಳಿಗಳಿಂದ ಬಂದ ಹುಡುಗಿಯರು ಮೊದಮೊದಲು ನಾಚಿಕೆಗೆ ಸಾಕ್ರಿ ಅನ್ನುತ್ತಿದ್ದರಂತೆ, ಆಮೇಲೆ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರಂತೆ. ಒಂದು ವಾರ ಕಳೆಯುವುದರೊಳಗೆ ಎಲ್ಲರೂ ತಟ್ಟೆ ಮುಂದೆ ಚಾಚಿ "ಇನ್ನಾ ಹಾಕ್ರಿ" ಅನ್ನಲು ಕಲಿಯುತ್ತಿದ್ದರು. ಅವರಲ್ಲಿ ಒಬ್ಬಳು ಈಗ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಈಗಲೂ ಅತ್ತೆಯ ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಮೇಡಂ, ಹಸಿವಾಗ್ಯದ" ಎಂದು ಕೂಗುತ್ತಾಳೆ. ನಮಸ್ಕಾರ ಆಮೇಲೆ!

ನಾನೊಮ್ಮೆ ಧೈರ್ಯ ಮಾಡಿ ಕೇಳಿದ್ದೆ, "ಇಷ್ಟ್ಯಾಕ ಬಿರುಸು ಅತ್ತಿ? ಇನ್ನೊಮ್ಮಿ ಕೇಳಿದ್ರ ಏನಾಗ್ತದ?"

"ನಮ್ಮವ್ವ ಮಂದಿ ಹೊಲದಾಗ ದುಡುದು, ಮಂದಿ ಅಂಗಳದಾಗ ನಿಂತು, ಹಸಿದ್ರೂ ಬ್ಯಾಡ್ರಿ ಬ್ಯಾಡ್ರಿ ಅನಕೋತನ ಜೀವ ಸವಿಸಿದ್ಲು. ನಮ್ಮ ಹುಡುಗ್ಯಾರಿಗೆ ಬೇಕು ಅನ್ನಾಕ ಬರಬೇಕು. ಬೇಕಂದ್ರ ಬೇಕು ಅನ್ನು. ಅದರಾಗ ಎಂಥಾ ನಾಚಿಕಿ?"

ಅಂದಿನಿಂದ ನಾನು ಅತ್ತೆಯ ಮನೆಯಲ್ಲಿ ಯಾವುದಕ್ಕೂ ಬೇಡ ಅಂದವನಲ್ಲ. ನನ್ನ ಹೊಟ್ಟೆ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ನನ್ನ ತಂಗಿಯ ವಿಷಯ. ಅವಳು ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಬ್ಬರು ಗೆಳತಿಯರನ್ನು ಕೂಡಿಸಿಕೊಂಡು ಫೋನಿನಲ್ಲಿ ಆಡುವ ಒಂದು ಪ್ರೇಮಕಥೆ ಮಾಡಿದ್ದಾಳೆ. ವಿಷುವಲ್ ನಾವೆಲ್ ಅನ್ನುತ್ತಾರಂತೆ. ಓಡುವುದಿಲ್ಲ, ಹೊಡೆಯುವುದಿಲ್ಲ. ಪರದೆಯ ಮೇಲೆ ಚಿತ್ರ ಬರುತ್ತದೆ, ಕೆಳಗೆ ಮಾತು ಬರುತ್ತದೆ, ನೀವು ಓದುತ್ತಾ ಹೋಗಬೇಕು. ನಡುನಡುವೆ "ಈಗ ಏನು ಹೇಳುತ್ತೀರಿ?" ಎಂದು ಎರಡು ಮೂರು ಉತ್ತರ ಕೊಡುತ್ತದೆ. ಸರಿಯಾದ್ದನ್ನು ಒತ್ತಿದರೆ ಮೂಲೆಯಲ್ಲಿರುವ ಹೃದಯ ಚೂರುಚೂರೇ ತುಂಬುತ್ತದೆ, ತಪ್ಪಿದರೆ ಹುಡುಗಿ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಫೋನು ಬೇಕಾಗಿರಲಿಲ್ಲ, ಹುಡುಗಿಯರು ಹಾಗೆಯೇ ಮುಖ ತಿರುಗಿಸುತ್ತಿದ್ದರು!

ಅವಳ ಕಥೆಯಲ್ಲಿ ಕಾಲೇಜಿಗೆ ಹೊಸದಾಗಿ ಬಂದ ಹುಡುಗ, ಅವನ ಮುಂದೆ ಮೂವರು ಚೆಲುವೆಯರು. ಜೊತೆಗೆ ಯಾರೂ ಲೆಕ್ಕಕ್ಕಿಡದ ಇನ್ನೊಬ್ಬಳು, ಊಟ ಬಡಿಸುವ ಮೆಸ್ ಮೇಡಂ. ಮೂಗಿನ ತುದಿಯಲ್ಲೇ ಸಿಟ್ಟು. "ಊಟ ಮಾಡ್ತೀರೇನು?" ಎಂದು ಒಮ್ಮೆ ಕೇಳುತ್ತಾಳೆ. ನೀವು ಸಭ್ಯರಾಗಿ "ಪರವಾಗಿಲ್ಲ, ಬೇಡ" ಒತ್ತಿದಿರೋ, ತಟ್ಟೆ ಮಾಯ. ಆ ದಿನವೆಲ್ಲ ನಾಯಕ ಹಸಿದುಕೊಂಡು ತಿರುಗುತ್ತಾನೆ, ಚೆಲುವೆಯರ ಹತ್ತಿರ ಒಂದು ಮಾತೂ ನೆಟ್ಟಗೆ ಬರುವುದಿಲ್ಲ. ನಗಿಸುವುದಕ್ಕೆಂದು ತಂಗಿ ಅವಳನ್ನು ನಡುವೆ ತುರುಕಿದ್ದಳು. ಆದರೆ ಆಡುವವರು ಮೂವರು ಚೆಲುವೆಯರನ್ನೂ ಬಿಟ್ಟು ಈಕೆಯ ಬೆನ್ನು ಹತ್ತಿದರು! "ಮೆಸ್ ಮೇಡಂ ಯಾರನ್ನೂ ಪ್ರೀತಿಸಲಿಲ್ಲವೆ?" ಎಂದು ಒಂದೇ ಗಲಾಟೆ. ಕೊನೆಗೆ ಅವಳೊಬ್ಬಳದೇ ಕಥೆಯನ್ನು ಬೇರೆಯಾಗಿ ಮಾಡುವುದೆಂದಾಯಿತು. ಎಕ್ಸ್‌ಪಾನ್ಷನ್ ಅಂತೆ. ಕಟ್ಟಿದ ಮನೆಗೆ ಇನ್ನೊಂದು ಖೋಲಿ ಏರಿಸಿದ ಹಾಗೆ.

ತೊಂದರೆ ಹತ್ತಿಕೊಂಡಿದ್ದು ಅಲ್ಲೇ. ಇಂಥವಳು ಒಲಿಯುವುದು ಹೇಗೆ? ತಂಗಿಗೆ ಗೊತ್ತಿಲ್ಲ. ಗೊತ್ತಿದ್ದವನು ಭೂಮಿಯ ಮೇಲೆ ಒಬ್ಬನೇ, ಅತ್ತೆಯ ಗಂಡ, ನಮ್ಮ ಮಾವ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಇನ್ನು ಅತ್ತೆಯನ್ನೇ ಕೇಳಬೇಕು. ಕೇಳಬೇಕೆಂದರೆ ಮೊದಲು ಮೆಸ್ ಮೇಡಂ ಯಾರೆಂದು ಹೇಳಬೇಕು. ಅತ್ತೆ ಒಲ್ಲೆ ಅಂದರೆ ಕಥೆಯೂ ಇಲ್ಲ, ಗೆಳತಿಯರ ಜೊತೆ ಪಟ್ಟ ಪಾಡೂ ನೀರಿನಲ್ಲಿ ಹೋಮ. "ಅಣ್ಣಾ, ನೀ ಮುಂದ ಕೂಡು" ಎಂದು ಅವಳು ಶಕ್ತಿನಗರದಲ್ಲಿದ್ದ ನನ್ನನ್ನು ಅತ್ತೆಯ ಮನೆಗೆ ಕರೆಸಿಕೊಂಡಳು. ಏಟು ಬಿದ್ದರೆ ಮೊದಲು ನನಗೆ ಬೀಳಲಿ ಎಂಬ ತಂಗಿಯ ಪ್ರೀತಿ!

ಅತ್ತೆ ಕನ್ನಡಕ ಏರಿಸಿ ಫೋನಿನಲ್ಲಿದ್ದ ಮೆಸ್ ಮೇಡಂ ಚಿತ್ರ ನೋಡಿದಳು.

"ಯಾರ್ ಬೇ ಈಕಿ?"

"ಅತ್ತಿ... ನೀನ."

ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಕಣ್ಣಲ್ಲೇ ಹುಡುಕಿಕೊಂಡೆ. ಅತ್ತೆ ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಮೂಗು ಸಣ್ಣದಾಗ್ಯದ. ನನ್ನ ಮೂಗು ಇನ್ನಾ ದೊಡ್ಡದದ. ಸರಿ ಮಾಡು."

ಒಪ್ಪಿಗೆ ಸಿಕ್ಕಿದ್ದು ಹೀಗೆ! ಆಮೇಲೆ ಮಾವ ಒಲಿಸಿಕೊಂಡ ಕಥೆಯನ್ನು ಅವಳೇ ಹೇಳಿದಳು.

ಮಾವ ಆಗ ದೇವದುರ್ಗದ ದನದ ದವಾಖಾನೆಯಲ್ಲಿ ಕಂಪೌಂಡರ್. ಹಿರಿಯರ ಜೊತೆ ಮಾನ್ವಿಗೆ ಹೆಣ್ಣು ನೋಡಲು ಬಂದಿದ್ದ. ಆಸೆಬುರುಕನಂತೆ ತಿನ್ನಬೇಡವೆಂದು ಅವನ ತಾಯಿ ದಾರಿಯುದ್ದಕ್ಕೂ ಹೇಳಿ ಕರೆತಂದಿದ್ದಳು. ಅತ್ತೆ ಮಂಡಾಳ, ಅಂದರೆ ಮಂಡಕ್ಕಿಯ ಒಗ್ಗರಣೆ, ಬಿಸಿ ಮಿರ್ಚಿ ತಂದು ಎದುರು ಹಿಡಿದು "ತಗೋರಿ" ಅಂದಳು. ಮಾವ ನೆಲ ನೋಡುತ್ತಾ "ಬ್ಯಾಡ್ರಿ" ಅಂದ. ಅತ್ತೆ ತಟ್ಟೆಯೊಂದಿಗೆ ತಿರುಗಿ ಒಳಗೆ ಹೋದಳು! ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವದುರ್ಗದಿಂದ ಸುದ್ದಿ ಬಂತು, ಹುಡುಗಿ ಒರಟು, ಸಂಬಂಧ ಬೇಡ. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. ಮುಂದಿನ ವಾರ ಮಾವ ಯಾರಿಗೂ ಹೇಳದೆ ಒಬ್ಬನೇ ಬಸ್ಸು ಹತ್ತಿ ಬಂದು ಹಾಸ್ಟೆಲಿನ ಗೇಟಿನಲ್ಲಿ ನಿಂತ.

"ಅವತ್ತು ನಾ ಸುಳ್ಳು ಹೇಳಿದ್ನಿರಿ. ನನಗ ಹಸಿವಾಗಿತ್ತು."

"ಈಗ?"

"ಈಗೂ ಆಗ್ಯದ."

"ಹಂಗಾರ ಬರ್ರಿ."

ಇಷ್ಟೇ! ಇದಕ್ಕಿಂತ ಚಂದ ಪ್ರೇಮ ನಿವೇದನೆಯನ್ನು ನಾನಂತೂ ಕೇಳಿಲ್ಲ. ಹಾಸ್ಟೆಲಿನ ಹುಡುಗಿಯರೆಲ್ಲ ಕಿಟಕಿಗೆ ಜೋತುಬಿದ್ದು ನೋಡುತ್ತಿರುವಾಗ ಮಾವ ಕೂತು ಎರಡು ತಟ್ಟೆ ಒಗ್ಗರಣೆ ತಿಂದನಂತೆ. ಅಂದಿನಿಂದ ಅತ್ತೆ ಏನು ಕೊಟ್ಟರೂ ಅವನದು ಒಂದೇ ಉತ್ತರ, ಹೂಂ. ಚಹಾ? ಹೂಂ. ಇನ್ನೊಂದು ರೊಟ್ಟಿ? ಹೂಂ. ಜ್ವರ ಬಂದಾಗ ಬೇವಿನ ಕಷಾಯ? ಅದಕ್ಕೂ ಹೂಂ! ನಾನು ಸಣ್ಣವನಿದ್ದಾಗ ಮಾವನಿಗೆ ಬೇಡ ಅನ್ನುವ ಮಾತೇ ಬರುವುದಿಲ್ಲವೆಂದು ತಿಳಿದಿದ್ದೆ. ಅವನ ಸೈಕಲ್ಲಿನ ಮುಂದೆ ಕೂತು ಮಿರ್ಚಿ ತರಲು ಹೋಗುತ್ತಿದ್ದ ಸಂಜೆಗಳು, ಹಿಂದಿನಿಂದ ಬೆನ್ನಿಗೆ ಒತ್ತುತ್ತಿದ್ದ ಅವನ ಹೊಟ್ಟೆ, ಅಂಗಿಗೆ ಸದಾ ಇರುತ್ತಿದ್ದ ದನದ ಔಷಧಿಯ ವಾಸನೆ ಈಗಲೂ ನೆನಪಿಗೆ ಬರುತ್ತವೆ.

ತಂಗಿ ಕಥೆ ಕಟ್ಟಿದಳು. ಕೊನೆಯ ಭಾಗವೊಂದನ್ನು ಬಿಟ್ಟು ಉಳಿದದ್ದು ಮುಗಿದಾಗ ಅತ್ತೆಗೆ ಆಡಲು ಕೊಟ್ಟೆವು. ಅತ್ತೆ ಆಡಬೇಕಾದದ್ದು ಕಂಪೌಂಡರ್ ಆಗಿ, ಒಲಿಸಬೇಕಾದದ್ದು ಮೆಸ್ ಮೇಡಂ ಅನ್ನು. ಅಂದರೆ ತನ್ನನ್ನೇ!

ಅತ್ತೆ ಸೋತಳು.

ಮತ್ತೆ ಶುರು ಮಾಡಿದಳು, ಮತ್ತೆ ಸೋತಳು. ಹೃದಯ ತುಂಬುವುದಿರಲಿ, ಇದ್ದದ್ದೂ ಖಾಲಿ. "ಊಟ ಮಾಡ್ತೀರೇನು?" ಎಂದು ಬಂದಾಗಲೆಲ್ಲ ಅತ್ತೆಯ ಬೆರಳು "ಬೇಡ" ಎಂಬಲ್ಲಿಗೇ ಹೋಗುತ್ತಿತ್ತು.

"ಹೂಂ ಅನ್ನತ್ತಿ! ನಿನಗ ಗೊತ್ತಿಲ್ಲೇನು?" ಎಂದು ತಂಗಿ ಬಿದ್ದು ಬಿದ್ದು ನಕ್ಕಳು.

"ಹೊಸಬ ಅದಾನ, ಪರಊರು, ಅವಗ ನಾಚಿಕಿ ಇರೂದಿಲ್ಲೇನು?" ಅತ್ತೆ ರೇಗಿದಳು. "ಎಂಥಾ ಸೊಕ್ಕಿನಾಕಿ ಬೇ ಈಕಿ! ಇನ್ನೊಮ್ಮಿ ಕೇಳಿದ್ರ ಈಕಿ ಗಂಟೇನು ಹೋಗ್ತದ?"

ನಾನೂ ತಂಗಿಯೂ ನಕ್ಕು ನಕ್ಕು ಕಣ್ಣು ಒರೆಸಿಕೊಂಡೆವು. ನೋಡಿದರೆ ಅತ್ತೆ ನಗುತ್ತಿಲ್ಲ. ಪರದೆಯಲ್ಲಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ ದೊಡ್ಡ ಮೂಗಿನ ಹುಡುಗಿಯನ್ನೇ ನೋಡುತ್ತಿದ್ದಾಳೆ.

ತಂಗಿ ಮೆಲ್ಲಗೆ ಕೇಳಿದಳು, "ಕಡೀಕ ಏನ್ ಮಾಡ್ಲಿ ಅತ್ತಿ? ಲಗ್ನ ಮಾಡಿ ಮುಗಸ್ಲೇನು?"

ಅತ್ತೆ ಫೋನನ್ನು ಮಗ್ಗುಲಲ್ಲಿಟ್ಟಳು.

"ಕಡೀ ದಿನದಾಗ, ದವಾಖಾನ್ಯಾಗ ಗಂಜಿ ಕುಡಸಾಕ ಹೋದ್ರ ನಿಮ್ಮ ಮಾವ ಬ್ಯಾಡ ಅಂದ್ರು. ಲಗ್ನ ಆದ ಮ್ಯಾಲ ಅದ ಮೊದಲ ಸಲ ಬ್ಯಾಡ ಅಂದಿದ್ದು. ನನ್ನ ರೂಢಿ ನೋಡ್ರಿ, ಬಟ್ಟಲ ಹಿಡಿದ ಕೈ ತಾನಾಗಿ ಹಿಂದ ಬಂತು. ಆಮ್ಯಾಲ ಅವರ ಮಾರಿ ನೋಡಿದ್ನಿ. ಹಿಂದ ತಗೊಳ್ಳಾಕ ಆಗಲಿಲ್ಲ. ‘ಒಂದ ಗುಟುಕ ಕುಡೀರಿ’ ಅಂದ್ನಿ. ಕಣ್ಣು ತೆರದು ನಕ್ರು. ‘ಅಲ್ಲ, ನೀ ಎರಡನೇ ಸಲ ಕೇಳಿದ್ಯಲ್ಲ!’ ಅಂದ್ರು. ಕುಡದ್ರು."

ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ.

"ನನ್ನ ಸಲುವಾಗಿ ಅವರು ಹೂಂ ಅನ್ನೂದು ಕಲತ್ರು. ನಾ ಅವರಿಗೆ ಇನ್ನೊಮ್ಮಿ ಕೇಳೂದು ಅಲ್ಲೀತನ ಕಲಿಲಿಲ್ಲ" ಎಂದು ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು. "ಲಗ್ನ ಗಿಗ್ನ ಬ್ಯಾಡ. ಕಡೀಕ ಅವ ಬ್ಯಾಡ ಅನ್ಲಿ. ಆಕಿ ಇನ್ನೊಮ್ಮಿ ಕೇಳ್ಲಿ. ಹಂಗ ಬರಿ."

ತಂಗಿ ಹಾಗೆಯೇ ಬರೆದಿದ್ದಾಳೆ. ಆಡುವ ಹುಡುಗರಲ್ಲಿ ಅಲ್ಲಿಯ ತನಕ ಮುಟ್ಟಿದವರು ಕಡಿಮೆ. ಮುಟ್ಟಿದವರು ಮೆಸೇಜು ಹಾಕುವುದಿಲ್ಲ.

ಅತ್ತೆ ಇದನ್ನು ಹೇಳಿದ ದಿನ ಶಕ್ತಿನಗರದ ಬಸ್ಸಿಗೆಂದು ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅತ್ತೆ ಒಳಗಿನಿಂದ ತಟ್ಟೆ ಹಿಡಿದು ಬಂದು "ಉಣ್ತೀಯೇನಲೇ?" ಅಂದಳು. ನನಗೆ ಮಾವನ ಗಂಜಿ ಬಟ್ಟಲೇ ಕಣ್ಣ ಮುಂದಿತ್ತು. ಇಷ್ಟು ವರ್ಷ ಆ ಮನೆಯಲ್ಲಿ ಆಡದ ಮಾತು ಬಾಯಿಂದ ಬಂದೇಬಿಟ್ಟಿತು, "ಬ್ಯಾಡತ್ತಿ."

ಅತ್ತೆ "ಆತು" ಎಂದು ತಿರುಗಿದಳು. ಅಡಿಗೆಮನೆಯ ಬಾಗಿಲ ತನಕ ಹೋದಳು. ಅಲ್ಲೇ ನಿಂತಳು. ಮಾವನ ಫೋಟೋ ಇದ್ದ ಗೋಡೆಯ ಕಡೆ ಒಮ್ಮೆ ನೋಡಿ, ಬಯ್ಯುವ ದನಿಯಲ್ಲೇ ಅಂದಳು:

"ಒಂದರೆ ರೊಟ್ಟಿ ತಿನ್ನಲೇ, ತಮ್ಮಾ."

ನಾನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತೆ.