ಮಾವನ ಒಲೆ, ಕಂಪನಿಯ ಸೊನ್ನೆ

ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎನ್ನುವುದು ಲೋಕದ ಮಾತು. ಹೊಗೆ ಇದ್ದಲ್ಲಿ ಒಬ್ಬ ದಡ್ಡ ಇರುತ್ತಾನೆ ಎನ್ನುವುದು ನಮ್ಮ ಸೋದರಮಾವನ ಮಾತು! ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬೇಯಿಸಿ ಬಣ್ಣ ಹಾಕುವುದು ಅವನ ಕಸುಬು. (ಏಕವಚನಕ್ಕೆ ಬೇಸರ ಬೇಡ. ನಮ್ಮ ಮನೆಯಲ್ಲಿ ಮಾವನಿಗೆ ಬಹುವಚನ ಕೊಟ್ಟರೆ ಜಗಳವಾಗಿದೆ ಎಂದೇ ಅರ್ಥ.) ಒಲೆಗೆ ಹಾಕುವ ಸೌದೆಯನ್ನು ದಿನಾ ತೂಗಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾನೆ. ಅದೂ ನೂಲು ತೂಗುವ ತಕ್ಕಡಿಯಲ್ಲಿ!

ಒಮ್ಮೆ ಪಕ್ಕದ ಊರು ಅಗರದಲ್ಲಿ ಬೀಗರ ಊಟ. ಎಲ್ಲರೂ ಚಪ್ಪರಕ್ಕೆ ಹೋದರೆ ಮಾವ ನೆಟ್ಟಗೆ ಅಡುಗೆಯವರ ಹತ್ತಿರ ಹೋದ. ಬಾಯಿ ತೆರೆದ ಹಂಡೆಯಲ್ಲಿ ಸಾರು ಕುದಿಯುತ್ತಿತ್ತು. ಸೌದೆ ದಂಡವಾಗುತ್ತದೆ ಎಂದು ಒಂದು ದೊಡ್ಡ ತಟ್ಟೆ ಎತ್ತಿ ಮುಚ್ಚಿಯೇಬಿಟ್ಟ.

"ಸಾ, ಉಣ್ಣಾಕ್ ಬಂದಿದ್ದೀರೋ, ಒಲೆ ನೋಡಾಕ್ ಬಂದಿದ್ದೀರೋ?" ಎಂದ ಅಡುಗೆಯವನು.

"ನಿನ್ ಒಲೆ ನೋಡುದ್ ಮ್ಯಾಕೆ ಊಟ ಸೇರಾಕಿಲ್ಲ ಕಣಪ್ಪಾ," ಎಂದ ಮಾವ. ಆಮೇಲೆ ಮೂರು ಮುದ್ದೆ ಉಂಡ.

ಇಷ್ಟೆಲ್ಲ ಉಪದೇಶ ಮಾಡುವವನ ಸ್ವಂತ ಒಲೆ ಹೇಗಿತ್ತು? ಕಣ್ಣು ಬಿಡಲಾಗದಷ್ಟು ಹೊಗೆ! ಅದರ ಪಕ್ಕ ಮಣೆ ಹಾಕಿಕೊಂಡು ವರ್ಷಗಟ್ಟಲೆ ನೂಲಿನ ಲಡಿ ತಿರುವಿದವಳು ನಮ್ಮತ್ತೆ. ಉಬ್ಬಸ ಹಿಡಿದ ಮೇಲೆ ಡಾಕ್ಟರು, ಇನ್ನು ಅಲ್ಲಿಗೆ ಕಾಲಿಡಬೇಡಿ ಎಂದರು. ಆದರೆ ಬಣ್ಣ ಹದವಾಯಿತೋ ಇಲ್ಲವೋ ಎಂದು ಹೇಳುವ ಕಣ್ಣು ಅತ್ತೆಗೆ ಮಾತ್ರ ಇರುವುದು. ಹಾಗಾಗಿ ಮಾವ ನೀರು ತೊಟ್ಟಿಕ್ಕುವ ಲಡಿ ಹೊತ್ತು ರಸ್ತೆ ದಾಟಿ, ಅತ್ತೆ ಕೂತಿರುವ ಎದುರಿನ ಮನೆ ಜಗಲಿಗೆ ಬರುತ್ತಿದ್ದ. ಅತ್ತೆ "ಇನ್ನೊಂದ್ ಕುದಿ" ಎಂದರೆ ಮತ್ತೆ ರಸ್ತೆ ದಾಟುತ್ತಿದ್ದ. ಇವತ್ತು ಯಾವ ಬಣ್ಣ ಎನ್ನುವುದು ನಮ್ಮ ಬೀದಿಗೆ ರಸ್ತೆ ನೋಡಿದರೆ ಗೊತ್ತಾಗುತ್ತಿತ್ತು.

ನಾನಿರುವುದು ಸೀರೆ ಮಾರುವ ಒಂದು ಕಂಪನಿಯಲ್ಲಿ. ಮಾವನಿಗೆ ನೂಲು ಕೊಡುವುದೂ ನಮ್ಮ ಕಂಪನಿಯೇ. ಕೆಲವು ವರ್ಷಗಳಲ್ಲಿ ನಮ್ಮಿಂದಾಗುವ ಇಂಗಾಲವನ್ನು ಸೊನ್ನೆಗೆ ಇಳಿಸುತ್ತೇವೆ ಎಂದು ಸಾಹೇಬರು ಬೆಂಗಳೂರಿನ ವೇದಿಕೆಯಲ್ಲಿ ಘೋಷಿಸಿದರು. ಚಪ್ಪಾಳೆ ಅಲ್ಲಿ, ಫಾರಂ ಇಲ್ಲಿ! ಸೌದೆ ಕಡಿಮೆ ಮಾಡಿದ್ದೇವೆಂದು ಸಹಿ ಹಾಕದ ಬಣ್ಣದ ಮನೆಗಳಿಗೆ ಇನ್ನು ನೂಲಿಲ್ಲ. ಬೇರೆಯವರೆಲ್ಲ "ಅರಿವು ಮೂಡಿಸಲಾಗಿದೆ" ಎಂದು ಬರೆದು ಸಹಿ ಹಾಕಿದರು. ಮಾವ ಹಾಕಲಿಲ್ಲ.

"ಸೊನ್ನೆ ಮಾಡ್ತೀವಿ ಅಂತ ಮಾತು ಕೊಟ್ಟೋರು ಯಾರು?"

"ನಮ್ಮ ಕಂಪನಿ, ಮಾವ."

"ಒಲೆ ಯಾರ್ದು?"

"ನಿಂದು."

"ಮಾತು ಅವ್ರ್ದು, ಒಲೆ ನಮ್ದು. ಅಂಗಾರೆ ಅವ್ರ್ನ ಒಂದ್ಸಲ ಒಲೆ ತಾವ ಬರಾಕೇಳವ್ವ."

ನಾನು ಉಪಾಯ ಹೇಳಿದೆ. ಅಜ್ಜೀಪುರದಲ್ಲಿರುವ ಅವನ ತುಂಡು ಜಮೀನಿನಲ್ಲಿ ಕಂಪನಿಯವರೇ ಗಿಡ ನೆಟ್ಟು ಫೋಟೋ ತೆಗೆದು ಹೊಗೆಯ ಲೆಕ್ಕಕ್ಕೆ ವಜಾ ಹಾಕುತ್ತಾರೆ, ಸಹಿ ಹಾಕು ಎಂದೆ.

"ಗಿಡ ನೆಡ್ಲಿ, ಬ್ಯಾಡ ಅನ್ನಾಕಿಲ್ಲ. ಅಲ್ಲಿ ಗಿಡ ನೆಟ್ರೆ ಇಲ್ಲಿ ಒಗೆ ಓಯ್ತದಾ?" ಎಂದ. ನನಗೆ ಸಿಟ್ಟು ಬಂತು. ಕೆಲಸ ಹೋದರೆ ಅವನ ನಾಲ್ಕು ಜನ ಆಳುಗಳ ಗತಿ ಏನು? ಅತ್ತೆಯ ಔಷಧಿಯ ಗತಿ ಏನು? ಆ ದಿನ ನಾನು ಬಹುವಚನದಲ್ಲೇ ಮಾತಾಡಿ ಎದ್ದು ಬಂದೆ.

ಮಾವನ ಮಾತು ನಾನು ತಲುಪಿಸಿದ ಮೇಲೆ ಕೊನೆಗೆ ಸಾಹೇಬರೇ ಬಂದರು. ಮಾವ ಅವರಿಗೆ ಒಲೆಯ ಪಕ್ಕ ಮಣೆ ಹಾಕಿದ. ಎರಡು ನಿಮಿಷದಲ್ಲಿ ಸಾಹೇಬರ ಕಣ್ಣು, ಮೂಗು ಎರಡೂ ಸುರಿಯತೊಡಗಿದವು.

"ಕೂತ್ಕಳಿ ಸಾ, ಇನ್ನೇನು ನೂಲು ಬೇಯ್ತದೆ. ನಮ್ಮವಳು ಇಲ್ಲೇ ಕೂತಿದ್ದಿದ್ದು."

ಸಾಹೇಬರು ಕೆಮ್ಮುತ್ತಲೇ, "ಈಗ ಏನು ಮಾಡಬೇಕು, ಹೇಳಿ," ಎಂದರು. ಮಾವ ಗೋಡೆಯ ಸೀಮೆಸುಣ್ಣದ ಲೆಕ್ಕ ತೋರಿಸಿದ. ಹಂಡೆಗೆ ಮುಚ್ಚಳ, ಒಲೆಗೆ ಕಟ್ಟೆ, ಹೊಗೆ ಹೋಗಲು ಕೊಳವೆ, ನೀರು ಮೊದಲೇ ಬಿಸಿಯಾಗಲು ಮಾಳಿಗೆ ಮೇಲೆ ಸೋಲಾರು. ಒಂದೊಂದರಿಂದ ಎಷ್ಟು ಸೌದೆ ಉಳಿಯುತ್ತದೆ ಎಂದು ಎಂದೋ ಬರೆದಿಟ್ಟಿದ್ದ, ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ, ಕೇಳುವವರೂ ಇರಲಿಲ್ಲ. ಸಾಹೇಬರು ಒಳ್ಳೆಯವರು. ಅವರಿಗೂ ಅಲ್ಲಿಯತನಕ ಸೊನ್ನೆ ಗೊತ್ತಿತ್ತೇ ಹೊರತು ಒಲೆ ಗೊತ್ತಿರಲಿಲ್ಲ.

ಎರಡು ತಿಂಗಳಲ್ಲಿ ಕಂಪನಿಯ ಖರ್ಚಿನಲ್ಲೇ ಹೊಸ ಒಲೆ ಎದ್ದಿತು. ಅರಿಶಿನ ಕುಂಕುಮ ಇಟ್ಟು ಹೊತ್ತಿಸಿದ ದಿನ ಫಾರಂ ಹಿಡಿದು ನಾನೂ ಹೋಗಿದ್ದೆ. ಕೆಂಪು ಬಣ್ಣ ಕುದಿಯುತ್ತಿತ್ತು. ಮಾವ ಲಡಿ ಎತ್ತಿ ಅಭ್ಯಾಸದಂತೆ ಬಾಗಿಲ ಕಡೆ ತಿರುಗಿದ. ತಿರುಗಿದವನು ಹಾಗೇ ನಿಂತ.

ಅತ್ತೆ ಹೊಸಲು ದಾಟಿ ಒಳಗೆ ಬಂದಿದ್ದಳು. ಯಾರ ಮುಖವನ್ನೂ ನೋಡದೆ ಮೂಲೆಯಲ್ಲಿದ್ದ ಮಣೆ ಎಳೆದುಕೊಂಡು, ತನ್ನ ಹಳೆಯ ಜಾಗದಲ್ಲೇ ಕೂತಳು. ನಿಧಾನಕ್ಕೆ ಒಂದು ಸಲ ಉಸಿರೆಳೆದು ನೋಡಿದಳು. ಇನ್ನೊಂದು ಸಲ ಎಳೆದಳು. ಕೆಮ್ಮು ಬರಲಿಲ್ಲ.

"ಇತ್ತ ಬರ್ಲಿ. ಇನ್ನೊಂದ್ ಕುದಿ ಬೇಕು," ಎಂದಳು.

ಏನಾದರೂ ಮಾತಾಡಬೇಕಲ್ಲ ಎಂದು ನಾನು ಫಾರಂ ಬಿಚ್ಚಿದೆ. "ಮಾವ, ಫಲಿತಾಂಶ ಏನು ಅಂತ ಒಂದು ಕಾಲಂ ಇದೆ. ಎಷ್ಟು ಸೌದೆ ಉಳಿಯಿತು ಅಂತ ಬರೆಯಲಾ?"

"ಅದ್ನೂ ಬರ್ಕವ್ವ," ಎಂದ ಮಾವ, ಅತ್ತೆಯ ಮೇಲಿನ ಕಣ್ಣು ತೆಗೆಯದೆ. "ಅದ್ಕೂ ಮೊದ್ಲು, ನಿಮ್ಮತ್ತೆ ಒಳಕ್ ಬಂದವ್ಳೆ ಅಂತ ಬರಿ."