ಮೋಹನದಾಸನ ಭುಜಕೀರ್ತಿ

ಮೋಹನದಾಸನ ಗ್ರಹಚಾರ ಶುರುವಾದದ್ದು ಒಂದು ಜೊತೆ ಭುಜಕೀರ್ತಿಯಿಂದ. ದುಬೈಯ ಅಲ್ ಮುರಕ್ಕಬಾತ್‌ನ ಟೈಲರ್ ಅಂಗಡಿಯಲ್ಲಿ ಕೂತು, ಎದುರಿನ ಹೋಟೆಲಿನ ಬಾಗಿಲು ಕಾಯುವವನಿಗೆ ಕೆಂಪು ಕೋಟು ಹೊಲಿದು, ಎರಡೂ ಹೆಗಲಿಗೆ ಜರಿಯ ಕುಚ್ಚು ಇಳಿಬಿಟ್ಟಿದ್ದ. ಯಕ್ಷಗಾನದ ಅರ್ಜುನನೂ ನೋಡಿ ಹೊಟ್ಟೆ ಉರಿದುಕೊಳ್ಳಬೇಕು, ಹಾಗಿತ್ತು. ಬಾಗಿಲಿನವನದೂ ಮೋಹನದಾಸನದೂ ಒಂದೇ ಮೈಕಟ್ಟು, ಹಾಗಾಗಿ ಟ್ರಯಲ್ ತನ್ನ ಮೈಮೇಲೇ.

ಊರಿಗೆ ಹೋಗಿ ನಾಲ್ಕು ವರ್ಷ. ಮಗಳು ಅಮಿತಾ ಕಂಡ ಅಪ್ಪ ಫೋನಿನೊಳಗಿನವನು, ಹೆಗಲಿನವರೆಗೆ ಮಾತ್ರ. "ಅಪ್ಪನಿಗೆ ಕಾಲುಂಟಾ?" ಎಂದು ಮೊನ್ನೆ ಕೇಳಿದ್ದಳು. ಕೆಲಸ ಬಿಟ್ಟು ಊರಿಗೇ ಬರುತ್ತೇನೆಂದು ಹೆಂಡತಿ ಪ್ರಫುಲ್ಲಾಗೆ ಇವತ್ತು ಹೇಳಿಯೇಬಿಡುವುದೆಂದು ಮೋಹನದಾಸ ತೀರ್ಮಾನಿಸಿದ್ದ. ಸೋತು ಬಂದವನ ಹಾಗೆ ಮಾತ್ರ ಕಾಣಬಾರದು. ಒಂದು ಭರ್ಜರಿ ಫೋಟೋ ಕಳಿಸಿ ಆಮೇಲೆ ಹೇಳೋಣವೆಂದು ಕೋಟು ಏರಿಸಿದ.

ಪಕ್ಕದ ಕೆಫೆಟೇರಿಯಾದ ಅಬೂಬಕ್ಕರ್ ಇಣುಕಿದ. "ದಾಸಣ್ಣಾ, ಈ ಟ್ಯೂಬ್‌ಲೈಟಲ್ಲಿ ಎಂತ ಕಾಣ್ತದೆ? ಹೋಟೆಲ್ ಎದುರು ನಿಲ್ಲಿ, ಫೋನ್ ಇಲ್ಲಿ ಕೊಡಿ."

ನಿಂತದ್ದೇ ತಡ, ಒಂದು ಕಾರು ಬಂತು. ಇಳಿದ ಸಾಹೇಬರು ಮೂರು ಸೂಟ್‌ಕೇಸು ತೋರಿಸಿದರು. ಅಲ್ಲ ಎನ್ನಲು ಬಾಯಿ ಬರದೆ ಮೋಹನದಾಸ ಹೊತ್ತ. ಇಳಿಸುವಾಗ ಕುಚ್ಚು ಹಿಡಿಕೆಗೆ ಸಿಕ್ಕಿ, ಸಾಹೇಬರು ಎಳೆದುಕೊಂಡು ಹೋದ ಸೂಟ್‌ಕೇಸಿನ ಹಿಂದೆಯೇ ಹಗ್ಗ ಕಟ್ಟಿದ ಕರುವಿನ ಹಾಗೆ ಓಡಿದ. ಬಿಡಿಸಿಕೊಂಡು ಹೊರಬಂದರೆ ಇನ್ನೊಬ್ಬರು "ಯಲ್ಲಾ", ಬೇಗ ಬೇಗ, ಎಂದು ಕಾರಿನ ಕೀ ಕೈಗಿಟ್ಟು ಒಳಗೆ ನಡೆದರು. ಹೊಲಿಗೆ ಯಂತ್ರ ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲದವನು ಆ ಕೀಯನ್ನು ಬಿಸಿ ಅಂಬೊಡೆಯ ಹಾಗೆ ಆ ಕೈ ಈ ಕೈ ಮಾಡುತ್ತಾ ನಿಂತ. ಹೋಟೆಲಿನ ಹುಡುಗ ಬಂದು ಕಸಿದುಕೊಂಡ ಮೇಲೆ ಉಸಿರು ಬಂತು.

"ಫೋಟೋ ಬಂತಾ?"

"ಫೋಟೋ ಎಂತಕ್ಕೆ ಮಾರಾಯ್ರೆ," ಅಬೂಬಕ್ಕರ್ ಹೆಮ್ಮೆಯಿಂದ ಫೋನ್ ಚಾಚಿದ. "ಸೀದಾ ಪ್ರಫುಲ್ಲಕ್ಕನಿಗೇ ವಿಡಿಯೋ ಕಾಲ್ ಹಾಕಿದೆ. ಶುರುವಿಂದ ನೋಡ್ತಾ ಇದ್ದಾರೆ."

ಪ್ರಫುಲ್ಲಾಳ ಕಣ್ಣು ತುಂಬಿತ್ತು. "ಕಾರೇ ಕೊಟ್ರಲ್ಲ ನಿಮ್ಗೆ. ಇಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಒಂದು ಮಾತು ಹೇಳ್ಲಿಲ್ಲ ನೀವು."

"ಇದಾ, ಈ ಕೋಟು ನಂದಲ್ಲ. ನಾನು ಕೆಲಸ ಬಿಟ್ಟು ಊರಿಗೆ ಬರ್ತೇನೆ."

ಪ್ರಫುಲ್ಲಾ ಕಣ್ಣೊರೆಸಿಕೊಂಡು ನಕ್ಕಳು. "ಊರಿಗೆ ಬರ್ಲಿಕ್ಕೆ ಸುಳ್ಳು ಹೇಳ್ಬೇಡಿ. ನಿಮ್ಮ ಅಳತೆಗೇ ಹೊಲಿದ ಕೋಟದು, ನಂಗೆ ಗೊತ್ತಾಗುದಿಲ್ವಾ? ಇನ್ನೆರಡು ವರ್ಷ ಹೇಗಾದ್ರೂ ಮಾಡಿ ಇರಿ."

ಅವಳ ಹೆಗಲ ಮೇಲಿಂದ ಅಮಿತಾ ಮುಖ ತೂರಿಸಿದಳು.

"ಅಪ್ಪಾ, ಇವತ್ತು ಕಾಲೂ ಕಂಡ್ತು."