ಬರೆ ತಪ್ಪಿದ ಕರು

ಎಲ್ಲಕ್ಕೂ ಕಾರಣ ಒಂದು ಕರು. ಬೆಳಿಗ್ಗೆ ಅದು ತಾಯಿಯ ಹಿಂದೆ ಮುರಿದ ಬೇಲಿ ದಾಟಿ ವೇಕ್ಲಿಂಗ್ ಸಾಹೇಬರ ದನ ಸಾಕುವ ರ್‍ಯಾಂಚಿಗೆ ಬಂದಾಗ ಅದರ ತೊಡೆ ಬೋಳಾಗಿತ್ತು. ಬಿಸಿಲೇರುವಷ್ಟರಲ್ಲಿ ಅಲ್ಲಿ ಸಾಹೇಬರ ಒಡೆತನದ ಮುದ್ರೆ ಹೊಗೆಯಾಡುತ್ತಿತ್ತು.

ಬರೆ ಹಾಕಿದವರು ಕಸುಬಿನವರಲ್ಲ. ಕೌಬಾಯ್‌ಗಳ ಹಳೆಯ ಧರ್ಮದಿಂದ ಇಂದಿನ ಸಮಾಜ ಕಲಿಯಬೇಕಾದ್ದೇನು ಎಂಬ ಶಿಬಿರಕ್ಕೆ ನ್ಯೂಯಾರ್ಕಿನಿಂದ ವಯೋಮಿಂಗಿಗೆ ಬಂದ ಕಂಪನಿ ಅಧಿಕಾರಿಗಳು. ಕೊಟ್ಟ ಮಾತಿಗೆ ತಪ್ಪಬಾರದು, ಪರರದನ್ನು ಮುಟ್ಟಬಾರದು, ಉಂಡ ಮನೆಗೆ ನಿಷ್ಠೆಯಿರಬೇಕು ಎಂದು ಸಾಹೇಬರು ಬೇಲಿಯ ಮೇಲೆ ಕೂತು ಉಪದೇಶಿಸುತ್ತಿದ್ದರೆ, ಶಿಷ್ಯರು ಒಂದು ಕೈಯಲ್ಲಿ ಹೊಸ ಟೋಪಿ ಹಿಡಿದುಕೊಂಡು, ಇನ್ನೊಂದರಲ್ಲಿ ಕಾದ ಕಬ್ಬಿಣ ಹಿಡಿದು, ಕಚೇರಿಯಲ್ಲಿ ಠಸ್ಸೆ ಒತ್ತುವ ಹುಮ್ಮಸ್ಸಿನಿಂದ ಸಿಕ್ಕ ಕರುವಿಗೆಲ್ಲ ಒತ್ತಿದ್ದರು.

ಆದರೆ ಈ ಕರುವಿನ ತಾಯಿಯ ತೊಡೆಯ ಮೇಲೆ ಪಕ್ಕದ ರ್‍ಯಾಂಚಿನ ಮುದುಕಿ ಹೆಟ್ಟಿಯ ಮುದ್ರೆಯಿತ್ತು. ತಾಯಿ ಯಾರದೋ ಕರುವೂ ಅವರದೇ. ಅದನ್ನು ಗಮನಿಸಿದವನು ಆಳು ಡೆಲ್ಮರ್ ಒಬ್ಬನೇ. ಹಸುವನ್ನೇನೋ ಬೇಲಿಯಾಚೆ ಅಟ್ಟಿದ. ಕರುವಿನ ಮೇಲಿನ ಬರೆಯನ್ನು ಎಲ್ಲಿಗೆ ಅಟ್ಟುವುದು?

“ಬಾಯ್ ಮುಚ್ಕೊಂಡು ತಿನ್ನು,” ಎಂದ ವಿಷಯ ಕೇಳಿದ ಅಡುಗೆಯ ರೂಬೆನ್, ಮಧ್ಯಾಹ್ನ ತಟ್ಟೆಗೆ ಬೀನ್ಸ್ ಸುರಿಯುತ್ತ. “ಕೆಲಸಾನೂ ಅವರದ್ದು, ನೀನಿರೋ ಮನೇನೂ ಅವರದ್ದು. ಆಚೆ ಹಾಕಿದ್ರೆ ಕುದುರೆ ಬೆನ್ನ ಮೇಲೆ ಸಂಸಾರ ಮಾಡ್ತೀಯಾ?”

ಊಟ ಮುಗಿದ ಮೇಲೆ ಡೆಲ್ಮರ್ ಸಾಹೇಬರ ಕಿವಿಯಲ್ಲಿ ವಿಷಯ ಹೇಳಿದ. ಅವರು ಯಾವುದೋ ಸಹಿ ಮುಗಿಸಿ ಬಂದ ಖುಷಿಯಲ್ಲಿದ್ದರು.

“ಆ ಕರು ನಮ್ಮದೇ ಕಣಯ್ಯ. ಅದರ ತಂಟೆಗೆ ಹೋಗ್ಬೇಡ. ಉಂಡ ಮನೆಗೆ ನಿಷ್ಠೆ!” ಎಂದು ಬೆನ್ನು ತಟ್ಟಿ, ಸಭೆಯ ಕಡೆ ತಿರುಗಿದರು.

ಡೆಲ್ಮರ್ ಕರುವಿನ ಬಳಿಗೆ ನಡೆದ. ಮುದ್ರೆ ಬಿದ್ದ ಮಾತ್ರಕ್ಕೆ ನಮ್ಮದಾಗುತ್ತದೆಯೇ? ಕೊನೆಗೆ ಕರುವನ್ನೆತ್ತಿ ತನ್ನ ಹಳೆಯ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಅದು ಕಿಟಕಿಯಿಂದ ಕತ್ತು ಚಾಚಿ, ಚರ್ಚಿಗೆ ಹೊರಟ ಅತ್ತೆಯ ಗಾಂಭೀರ್ಯದಲ್ಲಿ ಕೂತಿತು. ನಡುನಡುವೆ ತಲೆ ಒಳಗೆಳೆದು ಅವನ ತೋಳನ್ನು ಅಗಿಯಿತು.

ಹೆಟ್ಟಿಯ ಅಂಗಳದಲ್ಲಿ ದನಗಳ ಮುದ್ರೆ ತಪಾಸಣೆಯ ಅಧಿಕಾರಿ ಸೊರೆನ್ಸನ್ ನಿಂತಿದ್ದ. ಒಳ್ಳೆಯದೇ ಆಯಿತು, ಸಾಕ್ಷಿಗೆ ಒಬ್ಬರು ಸಿಕ್ಕರು ಎಂದುಕೊಂಡ ಡೆಲ್ಮರ್.

“ಹೆಟ್ಟಿ ಅಮ್ಮಾ, ನಿಮ್ಮ ಕರು. ನಮ್ಮೋರು ಗೊತ್ತಾಗ್ದೆ ಬರೆ ಹಾಕ್ಬಿಟ್ರು. ಸಾಹೇಬ್ರು ಬೇಡ ಅಂದ್ರು, ಆದ್ರೂ ತಂದೆ.”

ಹೆಟ್ಟಿ ಮೆಟ್ಟಿಲ ಮೇಲೆ ಕುಸಿದು ಕೂತಳು. “ನಂದೆಲ್ಲಿಯ ಕರು ಮಗಾ? ಊಟದ ಹೊತ್ತಲ್ಲಿ ಎಲ್ಲಾ ಮಾರ್ಬಿಟ್ಟೆ. ಭೂಮಿ, ದನ, ಕರು, ಆ ಕೋಳಿಗೂಡು ಕೂಡ. ನಿಮ್ಮ ಸಾಹೇಬ್ರಿಗೇ. ಈ ಸೊರೆನ್ಸನ್ ಬಂದಿರೋದೂ ಅದನ್ನ ತಪಾಸಣೆ ಮಾಡೋಕೇ.”

“ನಿನ್ನೆ ಚರ್ಚಲ್ಲಿ ಪಕ್ಕದಲ್ಲೇ ಕೂತಿದ್ರಲ್ಲಮ್ಮ, ಒಂದ್ಮಾತು ಹೇಳ್ಬಾರ್ದಿತ್ತಾ?”

“ಸಹಿ ಆಗೋವರ್ಗೂ ಯಾರಿಗೂ ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೆ ಕಣಪ್ಪ.”

ಮಾತು ಕೊಟ್ಟ ಮೇಲೆ ಸರಿಯೇ ಎಂದು ಡೆಲ್ಮರ್ ತಲೆಯಾಡಿಸಿದ.

ಸೊರೆನ್ಸನ್ ಗಂಟಲು ಸರಿಮಾಡಿಕೊಂಡ. “ಅಂದ್ರೆ, ವೇಕ್ಲಿಂಗ್ ಅವರ ಮುದ್ರೆ ಇರೋ, ವೇಕ್ಲಿಂಗ್ ಅವರದ್ದೇ ಕರೂನ, ಅವರು ಬೇಡ ಅಂದ್ಮೇಲೂ ಸಾಗಿಸ್ಕೊಂಡು ಬಂದಿದ್ದೀಯ. ಇದಕ್ಕೆ ನಮ್ಮ ತಾತನ ಕಾಲದಲ್ಲಿ ಮರಕ್ಕೆ ನೇತು ಹಾಕೋರು. ಈಗ ಜೈಲು. ಸ್ವಲ್ಪ ನೆನಪು ಮಾಡ್ಕೊಂಡು ಹೇಳು, ಗಾಡಿಗೆ ಹತ್ತಿಸಿದ್ದು ಊಟಕ್ಕೆ ಮುಂಚೆ ತಾನೇ? ಮುಂಚೆ ಆದ್ರೆ ಕರು ಹೆಟ್ಟಿ ಅಮ್ಮಂದು, ನೀನು ಪುಣ್ಯವಂತ.”

“ಹೂಂ ಅನ್ನೋ!” ಎಂದಳು ಹೆಟ್ಟಿ. “ಒಂದೇ ಒಂದು ಹೂಂ!”

ಕರು ಕೂಡ ‘ಅಂಬಾ’ ಎಂದಿತು.

ಡೆಲ್ಮರ್ ತನ್ನ ಬೂಟು ನೋಡಿಕೊಂಡ. “ಊಟ ಆದ್ಮೇಲೆ,” ಎಂದ.

“ಹಾಳಾಗ್ಹೋಗು,” ಎಂದು ಹೆಟ್ಟಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಹೊಸ ಆಸ್ತಿ ತೋರಿಸಲು ಶಿಷ್ಯರನ್ನು ಜೀಪುಗಳಲ್ಲಿ ತುಂಬಿಕೊಂಡು ಸಾಹೇಬರೇ ಬಂದರು. ಸೊರೆನ್ಸನ್ ನಡೆದದ್ದೆಲ್ಲ ಹೇಳಿ, “ನೀವು ದೂರಿಲ್ಲ ಅಂದ್ರೆ ಇಲ್ಲಿಗೇ ಮುಗೀತು,” ಎಂದ.

ಸಾಹೇಬರ ಮುಖ ಅರಳಿತು. “ನೋಡಿದ್ರಾ? ಜೈಲು ಕಣ್ಮುಂದೆ ಇದ್ರೂ ನಿಜ ಹೇಳಿದ! ಬೆಳಿಗ್ಗೆಯಿಂದ ನಾನು ಬಡ್ಕೊಳ್ತಿರೋದು ಇದನ್ನೇ!”

ಚಪ್ಪಾಳೆ ಬಿತ್ತು. ಒಬ್ಬ ಹೆಂಗಸಿಗೆ ಕಣ್ಣೀರೇ ಬಂತು. ಮೂವರು ಡೆಲ್ಮರನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು.

“ಹಾಗಾದ್ರೆ ದೂರು?” ಎಂದ ಸೊರೆನ್ಸನ್.

“ಕೊಡ್ತೀನಿ. ಸತ್ಯಕ್ಕೆ ಬೆಲೆ ತೆರೋ ಅವಕಾಶಾನ ಅವನಿಂದ ಕಿತ್ಕೊಂಡ್ರೆ ಅವನಿಗೇ ಅವಮಾನ ಅಲ್ವೇ?” ಎಂದರು ಸಾಹೇಬರು. ಡೆಲ್ಮರನ ಮನೆಯನ್ನು ಸಂಜೆಯೊಳಗೆ ಖಾಲಿ ಮಾಡಿಸಲೂ ಹೇಳಿದರು. ಶಿಬಿರಕ್ಕೆ ಕೋಣೆಗಳು ಸಾಲುತ್ತಿರಲಿಲ್ಲ.

ಸೊರೆನ್ಸನ್ ಬೇಡಿ ಹಾಕಲಿಲ್ಲ. ತನ್ನ ಗಾಡಿಯ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡ. ಹೆಟ್ಟಿಯ ಗೇಟಿನ ಬಳಿ ಗಾಡಿ ನಿಂತಿತು. ಪಕ್ಕದಲ್ಲಿ ಕೂತವನು ಇಳಿದು ಗೇಟು ತೆಗೆದು, ಗಾಡಿ ದಾಟಿದ ಮೇಲೆ ಹಾಕಬೇಕು. ಈ ಸೀಮೆಯಲ್ಲಿ ಮಗುವಿಗೂ ಅದನ್ನು ಹೇಳಿಕೊಡಬೇಕಿಲ್ಲ. ಡೆಲ್ಮರ್ ಇಳಿದು ತೆಗೆದ. ಸೊರೆನ್ಸನ್ ಗಾಡಿ ದಾಟಿಸಿದ. ಹಿಂದೆ ನೋಡಲಿಲ್ಲ. ಕನ್ನಡಿಯನ್ನೂ ಆಚೆ ತಿರುಗಿಸಿ, ಆಕಾಶ ನೋಡುತ್ತ ಬಹಳ ಹೊತ್ತು ಕೂತ. ಹಿಂದೆ ಹುಲ್ಲುಗಾವಲು ದಿಗಂತದವರೆಗೆ ಬಯಲಾಗಿ ಬಿದ್ದಿತ್ತು.

ಬಾಗಿಲು ತೆರೆಯಿತು. ಡೆಲ್ಮರ್ ಬಂದು ಕೂತ.

“ಆ ಕಡೆ ನಿಂತ್ಕೊಂಡೇ ಗೇಟು ಹಾಕಿ ಹಾಗೇ ಹೋಗ್ಬೋದಿತ್ತಲ್ಲೋ ಪೆದ್ದಾ!” ಎಂದ ಸೊರೆನ್ಸನ್, ಹಲ್ಲು ಕಚ್ಚಿ.

“ಆ ಕಡೆಯಿಂದ ಕೊಂಡಿ ಸರಿಯಾಗಿ ಬೀಳಲ್ಲ, ಸಾರ್,” ಎಂದ ಡೆಲ್ಮರ್. “ದನ ಹೊರಗೆ ಬಂದ್ಬಿಡ್ತವೆ. ಸಾಹೇಬ್ರಿಗೆ ನಷ್ಟ.”